ಅತ್ತೆ ನಡೆದರೆ ಯಾರೋ ಉಣ್ಣುತ್ತಾರೆ

ನಾನು ಅತ್ತೆಗೆ ಸುಳ್ಳು ಹೇಳಿದೆ. ಅದರಲ್ಲಿ ಅನುಮಾನವಿಲ್ಲ. ಮಿಕ್ಕ ವಿವರಗಳಲ್ಲಿ — ಅದು ಚಳಿಗಾಲವೇ, ಅವರು ಉಟ್ಟಿದ್ದ ಸೀರೆ ಯಾವುದು, ಬಿದ್ದಾಗ ಪಕ್ಕದಲ್ಲಿ ಏನಿತ್ತು — ನನ್ನ ನೆನಪು ತಪ್ಪಿರಬಹುದು. ಆ ಕೊನೆಯದೊಂದು ಮಾತ್ರ ನನ್ನನ್ನು ಇಷ್ಟು ವರ್ಷ ಕೆದಕುತ್ತಲೇ ಇದೆ.

ಅವರು ಅಪ್ಪನ ಅಕ್ಕ. ತಮಿಳುನಾಡಿನ ಕಂಬಂ ಬಳಿಯ ಮನೆಯಲ್ಲಿ ನಾವಿಬ್ಬರೇ. ನಾನು ತೇನಿಯ ಕಾಲೇಜಿಗೆ ಪಾಠ ಹೇಳಲು ಹೋಗಿ ಬರುತ್ತಿದ್ದೆ. ಸಕ್ಕರೆ ಕಾಯಿಲೆಗೆ ದಿನವೂ ನಡೆಯಬೇಕೆಂದು ಡಾಕ್ಟರು ಹೇಳಿದಾಗ ಅತ್ತೆ ನಕ್ಕುಬಿಟ್ಟರು. ಮುದ್ದಿನಿಂದ ನನ್ನನ್ನು ಅವರು ‘ಕಣ್ಣು’ ಎಂದೇ ಕರೆಯುವುದು.

“ತಿನ್ನಾಕೆ ನಡೀತಾರೆ ಕಣ್ಣು. ತಿಂದದ್ದ ಕರಗ್ಸಾಕೆ ಯಾರಾದ್ರೂ ನಡೀತಾರಾ? ನನಕ್ಕೇನು ಪೈತ್ಯವಾ?”

ಆಗಲೇ ನನ್ನ ಹಳೆಯ ಫೋನಿಗೆ ಒಂದು ಆ್ಯಪ್ ಹಾಕಿದೆ. ನಾವು ನಡೆದಷ್ಟೂ ಯಾವುದೋ ಕಂಪನಿ ಹಸಿದವರಿಗೆ ಊಟ ಕೊಡುತ್ತಿತ್ತು. ಅದನ್ನು ಕೇಳಿದ್ದೇ ಅತ್ತೆ ನೇರವಾಗಿ ನಮ್ಮ ಕುಲದ ದೇವರೆತ್ತನ್ನು ಕಟ್ಟುವ ದೊಡ್ಡಿಗೆ ಹೋದರು. ನಡೆದು ಬರುವವರೆಗೆ ಬಾಯಿಗೆ ಏನೂ ಹಾಕುವುದಿಲ್ಲ ಎಂದು ಎತ್ತಿನ ಮುಂದೆ ಹರಕೆ ಹೊತ್ತರು. ಆ್ಯಪ್‌ಗೆ ಹರಕೆ! ನಾನು ಮುಸಿಮುಸಿ ನಕ್ಕಿರಬೇಕು. ಮರುದಿನದಿಂದ ಫೋನು ಅವರ ಎಲೆಯಡಿಕೆ ಚೀಲ ಸೇರಿ ಕಾಲುವೆ ದಂಡೆಯ ಮೇಲೆ ಓಡಾಡತೊಡಗಿತು.

ಕೆಲವು ತಿಂಗಳಿಗೆ ಆ ಫೋನಿಗೆ ಕಂಪನಿಯ ಸಂದೇಶ ಬಂತು: ಗುರಿ ಮುಟ್ಟಿದೆ, ಯೋಜನೆ ಮುಗಿದಿದೆ, ಧನ್ಯವಾದ. ನಾನು ಅದನ್ನು ಅಳಿಸಿಬಿಟ್ಟೆ. ಅತ್ತೆಯ ಸಕ್ಕರೆ ಇಳಿದಿತ್ತು. ಹೇಳಿದರೆ ನಡೆಯುವುದನ್ನು ಬಿಡುತ್ತಾರೆ ಅಂದುಕೊಂಡೆ. ಅಷ್ಟೇ ಕಾರಣವೇ? ಅವರು ಬಂದು ಕೂತು, “ಇವತ್ತು ಯಾರು ಉಂಡ್ರು ಕಣ್ಣು?” ಎಂದು ಕೇಳುತ್ತಿದ್ದುದು ನನಗೂ ಬೇಕಾಗಿತ್ತೇನೋ — ನಾನು ದಿನಕ್ಕೊಬ್ಬರನ್ನು ಹುಟ್ಟಿಸುತ್ತಿದ್ದೆ. ದಿಂಡುಗಲ್ ಬಸ್‌ಸ್ಟ್ಯಾಂಡಿನ ಮುದುಕಿ. ನಿಲಕ್ಕೋಟ್ಟೈ ಹೂವಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನು.

“ಬರೀ ಸಾಂಬಾರಾ? ಮೋರು ಹಾಕ್ಲಿಲ್ಲವಾ ಪಾವಿಗಳು?”

“ಹಾಕಿದ್ರು ಅತ್ತೆ,” ಎಂದು ನಾನು ಮಜ್ಜಿಗೆಯನ್ನೂ ಬಡಿಸುತ್ತಿದ್ದೆ.

ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ನಡೆಯಬೇಡಿ ಎಂದು ಅಂಗಲಾಚಿದ್ದೂ ಉಂಟು. “ಅವ್ರು ಉಣ್ಣಾಕೆ ಮುಂಚೆ ನಾ ಎಂಗೆ ಉಣ್ಲಿ? ಎತ್ತಿನ ಮುಂದೆ ಹೇಳಿವ್ನಿ,” ಎನ್ನುತ್ತಿದ್ದರು. ನನ್ನ ಒಂದು ಮಾತು ಅವರನ್ನು ಆ ಹರಕೆಯಿಂದ ಬಿಡಿಸುತ್ತಿತ್ತು. ಆ ಮಾತನ್ನು ನಾನು ಆಡಲಿಲ್ಲ.

ಒಂದು ಬೆಳಿಗ್ಗೆ ದ್ರಾಕ್ಷಿ ತೋಟದವರು ಓಡಿ ಬಂದರು. ಅತ್ತೆ ದಂಡೆಯ ಮೇಲೆ ಬಿದ್ದಿದ್ದರು, ಹಣೆ ಒಡೆದಿತ್ತು. ಪಕ್ಕದಲ್ಲಿ ಊಟ ಒಯ್ಯುವ, ಮುಚ್ಚಳ ಕಳಚಿದ ತೂಕುಪಾತ್ರೆ, ಹುಲ್ಲಿನ ಮೇಲೆ ಮೊಸರನ್ನ — ನನಗೆ ಹಾಗೆ ಕಾಣುತ್ತದೆ. ಅಥವಾ ಆಮೇಲೆ ನಾನೇ ಅದನ್ನು ಅಲ್ಲಿ ತಂದಿಟ್ಟುಕೊಂಡೆನೋ? ಅವರನ್ನು ಎತ್ತುವ ಗಾಬರಿಯಲ್ಲಿ ಸರಿಯಾಗಿ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವರೇ ಕೇಳಿದರು, “ಯಾರು ಉಂಡ್ರು?” ಆಗಲೂ ನಾನು ಒಬ್ಬರ ಹೆಸರು ಹೇಳಿದೆ.

ಆ ಅನ್ನ ನಿಜವಾಗಿಯೂ ಅಲ್ಲಿದ್ದರೆ, ಅತ್ತೆ ತಾವೇ ಯಾರಿಗೋ ಊಟ ಒಯ್ಯುತ್ತಿದ್ದರು. ಅಂದರೆ ಆ್ಯಪಿನ ಊಟ ನಿಂತದ್ದು ಅವರಿಗೆ ತಿಳಿದಿತ್ತೇ? ತಿಳಿದೂ ನನ್ನ ಮುದುಕಿಯರಿಗೆ ಮಜ್ಜಿಗೆ ಸಿಕ್ಕಿತೇ ಎಂದು ವಿಚಾರಿಸುತ್ತಿದ್ದರೇ? ನಾನು ಅವರನ್ನು ನಡೆಸುತ್ತಿದ್ದೆನೋ, ಅವರೇ ನನ್ನನ್ನು — ಗೊತ್ತಿಲ್ಲ.

ಕಳೆದ ವಾರ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರ ಒಳ್ಳೆಯದಕ್ಕೆ ಎನ್ನುವ ಮಾತನ್ನು ಎತ್ತಲಿಲ್ಲ. ಹಣೆಯ ಗಾಯದ ಗುರುತು ಎದುರಿಗೇ ಇತ್ತು. ಅತ್ತೆ ನುಗ್ಗೆಸೊಪ್ಪು ಬಿಡಿಸುತ್ತಿದ್ದರು. ಕೈ ನಿಲ್ಲಲಿಲ್ಲ. ಕೊನೆಗೆ ಮಡಿಲು ಕೊಡವಿ ಎದ್ದರು. ಒಳಗೆ ಹೋಗುತ್ತಿದ್ದವರನ್ನು ಕೇಳಿದೆ:

“ಅತ್ತೆ, ಆವತ್ತು ದಂಡೆ ಮೇಲೆ ಚೆಲ್ಲಿದ ಅನ್ನ — ಅದು ಯಾರಿಗೆ?”