ಲೋಳೆ ಬಂತಾ?

ತೊಕ್ಕೊಟ್ಟಿನಲ್ಲಿ ಬಸ್ಸಿಳಿದರೆ ಸಾಕು, ಗುರುತಿನವರು ಈಗ ನನ್ನಲ್ಲಿ ಕೇಳುವುದು ಒಂದೇ ಪ್ರಶ್ನೆ. "ಲೋಳೆ ಬಂತಾ?"

ಬೇರೆ ಹುಡುಗರಲ್ಲಿ ಕೆಲಸ ಸಿಕ್ಕಿತಾ, ಹುಡುಗಿ ಸಿಕ್ಕಿದಳಾ ಅಂತ ಕೇಳುತ್ತಾರೆ. ನನ್ನಲ್ಲಿ ಲೋಳೆ. ತಪ್ಪು ಅಮ್ಮನದು. ಮಗ ಬಲ್ಮಠದ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ., ಪ್ರಾಜೆಕ್ಟಿಗೆ ಬ್ಯಾಕ್ಟೀರಿಯಾದಿಂದ ಲೋಳೆ ತೆಗೆಯಬೇಕು, ತೆಗೆಯದಿದ್ದರೆ ಸೆಮಿಸ್ಟರ್ ಹೋಯಿತು. ಇಷ್ಟನ್ನೂ ಮೀನು ತರಲು ಹೋದಲ್ಲಿ ಹೇಳಿ ಬಂದಿದ್ದಾರೆ.

ವಿಷಯ ಸುಲಭ. ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳು ಸಕ್ಕರೆಯ ತುಣುಕುಗಳನ್ನು ತಮ್ಮ ಪೊರೆಯಲ್ಲಿ ಪೋಣಿಸಿ, ಉದ್ದನೆಯ ಸರಪಣಿ ಮಾಡಿ ಹೊರಗೆ ದಬ್ಬುತ್ತವೆ. ಅದೇ ಲೋಳೆ. ಒಣಗಿ ಸಾಯದಂತೆ ಮೈಮೇಲೊಂದು ಒದ್ದೆ ಕಂಬಳಿ. (ಇಂಥದ್ದನ್ನೇ ಸಾಸಿನಲ್ಲಿ ನೀವೂ ತಿಂದಿದ್ದೀರಿ. ಈಗ ಬಾಯಿ ತೊಳೆದು ಪ್ರಯೋಜನವಿಲ್ಲ.)

ನಮ್ಮ ಹಿತ್ತಿಲ ಮಣ್ಣಿನಿಂದಲೇ ಒಂದನ್ನು ಹಿಡಿದು ತಂದೆ. ಫ್ಲಾಸ್ಕಿನಲ್ಲಿ ಸಾಕಿದೆ. ದಷ್ಟಪುಷ್ಟವಾಗಿ ಬೆಳೆಯಿತು. ಲೋಳೆ ಮಾತ್ರ ಇಲ್ಲ. ಬರೀ ನೀರು.

ನಾನೇನು ಮಾಡಿದೆ? ನಮ್ಮ ಮನೆಯಲ್ಲಿ ಯಾರಾದರೂ ಸಪ್ಪೆ ಮುಖ ಮಾಡಿದರೆ ಏನು ಮಾಡುತ್ತೇವೋ ಅದನ್ನೇ. ಇನ್ನಷ್ಟು ಬಡಿಸಿದೆ. ನಮ್ಮಲ್ಲಿ ನೆಂಟರು ಬಟ್ಟಲಿಗೆ ಎರಡೂ ಕೈ ಅಡ್ಡ ಹಿಡಿದ ಮೇಲೂ ಒಂದು ಸೌಟು ಬೀಳಲೇಬೇಕು. ಬ್ಯಾಕ್ಟೀರಿಯಾಕ್ಕೆ ಅಡ್ಡ ಹಿಡಿಯಲು ಕೈಯೂ ಇಲ್ಲ. ಪೆಪ್ಟೋನ್ (ಅವುಗಳ ಪಾಲಿನ ಮೀನು ಗಸಿ ಅನ್ನಿ) ಡಬಲ್ ಮಾಡಿದೆ. ಆಮೇಲೆ ಅದರ ಡಬಲ್. ಅವು ತಿಂದವು, ಮರಿ ಮಾಡಿದವು, ಮರಿಗಳೂ ತಿಂದವು. ವಾರಗಟ್ಟಲೆ ಇದೇ ಸಂತರ್ಪಣೆ.

ಒಂದು ದಿನ ಅಮ್ಮ ಬಸಳೆ ಹೆಚ್ಚುತ್ತಿದ್ದವರು ಅಂಟಂಟು ಕೈ ತೋರಿಸಿದರು.

"ಇದಾ, ಇದರಲ್ಲಿ ಬೇಕಾದಷ್ಟು ಲೋಳೆ ಉಂಟು. ಒಂದು ಬಾಟ್ಲಿಯಲ್ಲಿ ತೆಕೊಂಡು ಹೋಗಿ ಮೇಡಂಗೆ ಕೊಡು."

"ಅದು ಗಿಡದ್ದಮ್ಮ. ಗಿಡ ಕೋಶದ ಒಳಗೇ ತಯಾರು ಮಾಡಿ, ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಹೊರಗೆ ಬಿಡ್ತದೆ. ಬ್ಯಾಕ್ಟೀರಿಯಾದ್ದು ಬೇರೆ."

"ಲೋಳೆಯಲ್ಲಿ ಎಂತ ಜಾತಿ ಮಾರಾಯ?"

"ಯಾವ ಸಕ್ಕರೆಯಿಂದ ಆದದ್ದು ಅಂತ ಟೆಸ್ಟ್ ಮಾಡಿದ್ರೆ ಜಾತಿ ಗೊತ್ತಾಗ್ತದೆ."

"ಬಸಳೆ ಎಂ.ಎಸ್ಸಿ. ಮಾಡ್ಲಿಲ್ಲ. ಆದ್ರೂ ಕೊಡ್ತದೆ," ಅಂದರು ಅಮ್ಮ.

(ಒಂದು ಕ್ಷಣ ಬಾಟ್ಲಿ ಹುಡುಕಿದ್ದು ನಿಜ.)

ಕಳೆದ ವಾರ ಪೆಪ್ಟೋನ್ ಡಬ್ಬಿ ಖಾಲಿ. ಹೊಸತು ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಶನಿವಾರದೊಳಗೆ ಲೋಳೆ ತೋರಿಸಬೇಕು. ನನಗೋ ಸುಸ್ತು. ಡಬ್ಬಿಯ ತಳ ಕೆರೆದು ಸಿಕ್ಕಿದ ಚಿಟಿಕೆ ಹಾಕಿ, ಉಳಿದದ್ದಕ್ಕೆಲ್ಲ ಸಕ್ಕರೆ ಸುರಿದೆ. ಬದುಕಿದರೆ ಬದುಕಲಿ ಅಂತ ಮನೆಗೆ ಹೋದೆ.

ಎರಡು ದಿನ ಬಿಟ್ಟು ಫ್ಲಾಸ್ಕ್ ಅಲ್ಲಾಡಿಸಿದರೆ ಒಳಗಿನದ್ದು ಗಂಜಿಯಂತೆ ನಿಧಾನಕ್ಕೆ ತಿರುಗಿತು. ಬ್ಯಾಕ್ಟೀರಿಯಾ ಬೇರ್ಪಡಿಸಿ, ತಣ್ಣಗಿನ ಆಲ್ಕೋಹಾಲ್ ಹೊಯ್ದೆ. ಲೋಳೆ ಬಿಳಿ ಎಳೆಗಳಾಗಿ ಶ್ಯಾವಿಗೆಯಂತೆ ಎದ್ದಿತು. ಕುಣಿಯಬೇಕಿತ್ತು. ಸ್ಟೂಲ್ ಎಳೆದು ಕೂತೆ.

ಗೈಡ್ ಮೇಡಂ ಬಂದು ನೋಡಿದರು. "ಇಷ್ಟು ದಿನ ಯಾಕೆ ಬರಲಿಲ್ಲ?"

"ಪೆಪ್ಟೋನ್ ಸ್ವಲ್ಪ ಜಾಸ್ತಿ ಆಗಿತ್ತು ಮೇಡಂ."

"ಸ್ವಲ್ಪ ಅಂದ್ರೆ?"

ಹೇಳಿದೆ. ಅವರು ಕನ್ನಡಕ ತೆಗೆದರು. "ನೀನೆಂತ, ಅವಕ್ಕೆ ಮದುವೆ ಊಟ ಹಾಕಿದ್ದಾ? ಪೆಪ್ಟೋನಿನ ನೈಟ್ರೋಜನ್ ಹೊಟ್ಟೆ ತುಂಬ ಸಿಕ್ಕಿದ್ರೆ ಅವು ಮೈ ಬೆಳೆಸ್ತಾ ಕೂತ್ಕೊಳ್ತವೆ. ಅದು ಮುಗಿದು ಸಕ್ಕರೆ ಮಾತ್ರ ಉಳಿದ್ರೆ ಲೋಳೆ ಮಾಡ್ತವೆ. ಉಳಿದ ಸಕ್ಕರೆಯನ್ನು ಮತ್ತೆಂತ ಮಾಡುವುದು?"

ನಮ್ಮದೆಲ್ಲ ಹೀಗೇ ಅಲ್ಲವೇ? ಯಾವ ರೋಗಕ್ಕೂ ಮದ್ದು ಒಂದೇ: ಇನ್ನಷ್ಟು. ಮಗುವಿಗೆ ಮಾರ್ಕ್ ಬರಲಿಲ್ಲವೇ, ಇನ್ನೊಂದು ಟ್ಯೂಷನ್. ಟ್ರಾಫಿಕ್ ಜಾಮ್ ಆಯಿತೇ, ಇನ್ನೊಂದು ಫ್ಲೈಓವರ್. ಕಡಿಮೆ ಮಾಡಿ ನೋಡೋಣ ಅಂತ ಯಾರಿಗಾದರೂ ಹೊಳೆಯುತ್ತದೆಯೇ? ನನಗೂ ಹೊಳೆದದ್ದಲ್ಲ. ಡಬ್ಬಿಗೆ ಹೊಳೆಯಿತು.

"ಹಾಗಾದ್ರೆ ಸೆಮಿಸ್ಟರ್ ಉಳೀತಾ ಮೇಡಂ?"

"ಒಂದು ಸಲ ಬಂದದ್ದು ಲೆಕ್ಕಕ್ಕಿಲ್ಲ. ಇನ್ನೂ ಎರಡು ಸಲ ಮಾಡಿ ತೋರಿಸು. ಮುಂದಿನ ವಾರದವರೆಗೆ ಟೈಮ್ ಕೊಡ್ತೇನೆ."

ಸರಿ ಅಂದು ಫ್ಲಾಸ್ಕ್ ತೊಳೆಯಲು ನಿಂತೆ. (ಲೋಳೆ ಬಾರದಿದ್ದಾಗ ತೊಳೆಯುವುದಾದರೂ ಸುಲಭವಿತ್ತು.)

ನಾನು ಸೋತೆ ಅನ್ನುವುದನ್ನು ಎಲ್ಲರೂ ಮೊದಲ ಸಲಕ್ಕೇ ನಂಬಿದ್ದರು. ಗೆದ್ದದ್ದಕ್ಕೆ ಮಾತ್ರ ಯಾಕೆ ರಿಪೀಟ್?