ಶಾಲೆಯ ಕಟ್ಟೆಯ ಮೇಲೆ ಕೌದಿ

ಗೊಳಸಂಗಿಯ ಹೊನ್ನವ್ವ ಕೌದಿ ಹೊಲಿಯುವವಳು. ಊರವರ ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಹೊದೆಯಲು ಬೆಚ್ಚನೆಯ ಕೌದಿ ಮಾಡಿಕೊಡುತ್ತಿದ್ದಳು. ಎಪ್ಪತ್ತೈದನೇ ಇಸವಿಯಲ್ಲಿ ಮಗಳು ಗುರವ್ವನನ್ನು ಶಾಲೆಗೆ ಹಚ್ಚಿದಳು ನೋಡಿ, ಅಲ್ಲಿಂದ ಶುರುವಾಯಿತು ಪಡಿಪಾಟಲು.

ಗುರವ್ವ ಬೇರೆಯೇ ಥರದ ಹುಡುಗಿ. ಕರೆದರೆ ತಿರುಗಿ ನೋಡುವುದಿಲ್ಲ, ಅರಿವೆಯ ಚೂರುಗಳನ್ನು ಬಣ್ಣ ನೋಡಿ ಸಾಲಾಗಿ ಜೋಡಿಸಲು ಕೂತರೆ ಊಟದ ನೆನಪೂ ಇಲ್ಲ. ಶಾಲೆಯ ಗಂಟೆ ಢಣ್ ಎಂದದ್ದೇ ತಡ, ಕಿವಿ ಮುಚ್ಚಿಕೊಂಡು ಅವ್ವನ ಸೆರಗಿನೊಳಗೆ ಹೊಕ್ಕಳು. ಮಕ್ಕಳೆಲ್ಲ ಸೇರಿ ಮಗ್ಗಿ ಕೂಗಿದಾಗ ಓಡಿಯೇ ಹೋದಳು. ಗಾಳಿ ಹಿಡಿದಿದೆ ಎಂದರು ಜನ. ತಾಯತ ಕಟ್ಟಿಸಿದ್ದಾಯಿತು, ನಿಂಬೆಹಣ್ಣು ಇಳಿಸಿದ್ದಾಯಿತು, ಏನೂ ನಡೆಯಲಿಲ್ಲ. ಮಗಳಿಗೆ ಅಕ್ಷರದ ಯೋಗವಿಲ್ಲವೆಂದು ಹೆಸರು ತೆಗೆಸಲು ಹೊನ್ನವ್ವ ಮಾನಪ್ಪ ಮಾಸ್ತರರ ಮುಂದೆ ಬಂದು ನಿಂತಳು.

"ಹೆಸರು ಇರ್ಲಿ. ನೀವೂ ಕೌದಿ ತಗೊಂಡು ಬರ್ರಿ, ಇಲ್ಲೇ ಕಟ್ಟಿ ಮ್ಯಾಲ ಕುಂತು ಹೊಲೀರಿ," ಎಂದರು ಮಾಸ್ತರು. "ಆಕಿಗೆ ಇರೋದು ಅಂಜಿಕಿ, ಹಟ ಅಲ್ಲ."

ಅಷ್ಟು ದಿನ ಊರಲ್ಲಿ ಒಬ್ಬರೂ ಹಾಗೆ ಹೇಳಿರಲಿಲ್ಲ. ಹೊನ್ನವ್ವನ ಕಣ್ಣು ತುಂಬಿತು. ಮರುದಿನವೇ ಕೌದಿ ತಂದು ಶಾಲೆಯ ಕಟ್ಟೆಯ ಮೇಲೆ ಕೂತಳು.

"ಹೊನ್ನವ್ವ ಈ ವಯಸ್ಸಿನ್ಯಾಗ ಸಾಲಿ ಕಲಿಯಾಕತ್ತಾಳ," ಎಂದು ಓಣಿಯ ಹೆಂಗಸರು ನಕ್ಕರು. "ನೀವೂ ಪಾಟಿ ಹಿಡ್ಕೊಂಡು ಬರ್ರಿ, ಯಾರು ಬ್ಯಾಡ ಅಂದಾರ," ಎಂದು ಇವಳು ಅವರ ಬಾಯಿ ಮುಚ್ಚಿಸಿದಳು. ಗಂಟೆ ಹೊಡೆಯುವ ಮೊದಲು ಮಾಸ್ತರು ಗುರವ್ವನ ಪಾಟಿಯ ಮೇಲೆ ಬೆರಳು ತಟ್ಟಿ ತಿಳಿಸುತ್ತಿದ್ದರು. ಮಗ್ಗಿ ಹೇಳಿಸಲು ಉಳಿದ ಮಕ್ಕಳನ್ನು ಬೇವಿನ ಮರದಡಿ ಕರೆದೊಯ್ಯುತ್ತಿದ್ದರು. ಹುಡುಗಿ ಓಡುವುದು ನಿಂತಿತು. ಆದರೆ ಬಾಗಿಲಾಚೆ ಅವ್ವ ಕಾಣುತ್ತಲೇ ಇರಬೇಕಿತ್ತು.

ದೀಪಾವಳಿ ದಾಟಿದ ಮೇಲೆ ಕೌದಿ ಮುಗಿಯಲು ಬಂತು. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ಚೂರು ಬಿಸಿರೊಟ್ಟಿ ಇಟ್ಟು ಹೊಲಿಯುವುದು ಅವರ ಮನೆಯ ಪದ್ಧತಿ, ಕೌದಿ ಹಸಿದಿರಬಾರದೆಂದು. ಮುಗಿಯುತ್ತ ಬಂದ ಹುರುಪಿನಲ್ಲಿ ಹೊನ್ನವ್ವ ಕೌದಿ ಬಗಲಲ್ಲಿಟ್ಟುಕೊಂಡು ಮನೆಗೆ ನಡೆದೇಬಿಟ್ಟಳು. ಮಗಳಿಗೆ ಒಂದು ಮಾತು ಹೇಳಬೇಕೆಂಬುದೇ ಹೊಳೆಯಲಿಲ್ಲ. ರೊಟ್ಟಿ ಹಂಚಿಗೆ ಹಾಕಿದಾಗ ಶಾಲೆಯ ಗಂಟೆ ಕೇಳಿಸಿತು, ಆಗ ಮಗಳ ನೆನಪಾಯಿತು. ಮಾಡಿದ್ದೆಲ್ಲ ಮಣ್ಣುಪಾಲಾಯಿತೆಂದು ತನ್ನನ್ನೇ ಬೈದುಕೊಳ್ಳುತ್ತ ಓಡಿದಳು.

ಶಾಲೆಯ ಕಟ್ಟೆಯ ಮೇಲೆ ಅವಳು ದಿನವೂ ಕೂರುವ ಜಾಗದಲ್ಲಿ ಮಾನಪ್ಪ ಮಾಸ್ತರು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಒಳಗಿನ ಮಕ್ಕಳೆಲ್ಲ ಬಾಗಿಲಿನತ್ತ ಮುಖ ಮಾಡಿ ಪಾಠ ಕೇಳುತ್ತಿದ್ದವು. ಮಾಸ್ತರರ ಪಕ್ಕದಲ್ಲಿ ಗುರವ್ವ, ಕೆನ್ನೆಯೆಲ್ಲ ಒದ್ದೆ, ಹಿಂದೆ ಮುಂದೆ ತೂಗುತ್ತ ಪಾಟಿಯ ಮೇಲೆ ಬರೆಯುತ್ತಿದ್ದಳು.

"ಅತ್ತಳ್ರಿ, ಖರೆ. ನಿಮ್ಮ ಜಾಗಾ ಖಾಲಿ ಕಾಣಬಾರದಂತ ನಾನ ಬಂದು ಕುಂತೆ," ಎಂದರು ಮಾಸ್ತರು.

"ನಿಮ್ಮ ಉಪಕಾರ ಯಾವ ಜನ್ಮದಾಗ ತೀರಸ್ಲಿರಿ," ಎಂದು ಹೊನ್ನವ್ವ ಕೈ ಮುಗಿದಳು.

"ಅದು ಇರ್ಲಿ. ಈ ಸಲ ಆಕಿಗೆ ಹೇಳಿ ಹೋಗ್ರಿ."

ಹೊನ್ನವ್ವ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಗುರವ್ವಾ, ನಾ ಮನಿಗೆ ಹೋಗ್ತೇನಿ. ಸಾಲಿ ಬಿಟ್ಟ ಕೂಡ್ಲೆ ಬರ್ತೇನಿ."

ಗುರವ್ವ ತಲೆ ಎತ್ತಲಿಲ್ಲ. ಬರೆಯುತ್ತಿದ್ದ ಅಕ್ಷರ ಪೂರ್ತಿ ಮಾಡಿ, "ಹೋಗಬೇ ಯವ್ವಾ," ಎಂದಳು.