ನಮ್ಮ ಕೆರೆಗೆ ಯಾರದೋ ಬೀಗ

ಅಲ್ಲಾಳಸಂದ್ರದ ನಮ್ಮ ಮನೆ ಓನರ್ ಮುನಿರಾಜಣ್ಣ ಬಾಡಿಗೆ ಅಗ್ರಿಮೆಂಟ್ ಹಿಡ್ಕೊಂಡು ಮೇಲೆ ಬಂದಿದ್ದರು. ಅವರು ತೋರಿಸಿದ ಜಾಗದಲ್ಲಿ ತಕ್ಷಣ ಸಹಿ ಹಾಕಿಕೊಟ್ಟೆ.

"ನಮ್ ಕೆರೆ ಬಗ್ಗೆ ಏನೋ ಬರ್ದಿದೀರಂತಲ್ಲ ಸಾರ್, ತೋರ್ಸಿ" ಅಂದರು.

ನನಗೂ ಅದೇ ಬೇಕಿತ್ತು. ಜಂಬದಿಂದ ಲ್ಯಾಪ್‌ಟಾಪ್ ತೆರೆದೆ. ಸಂಶೋಧನಾ ಪತ್ರಿಕೆಯ ವೆಬ್‌ಸೈಟು ನನ್ನ ಹೆಸರನ್ನು ದಪ್ಪಕ್ಷರದಲ್ಲಿ ತೋರಿಸಿ, ಲೇಖನ ಓದೋಕೆ ದುಡ್ಡು ಕಟ್ಟು ಅಂದಿತು.

"ನಮ್ಮ ಯೂನಿವರ್ಸಿಟಿ ಒಳಗೆ ಕೂತ್ರೆ ತಾನಾಗೇ ತೆರೆಯುತ್ತೆ. ಮನೆಯಿಂದ ಆದ್ರೆ ಲೈಬ್ರರಿಯ ಪ್ರಾಕ್ಸಿ ಸರ್ವರ್ ಮೂಲಕ ಹೋಗ್ಬೇಕು" ಅಂದೆ.

"ಅಂಗಂದ್ರೆ?"

"ಇವನು ನಮ್ಮವನೇ, ಒಳಗೆ ಬಿಡಿ ಅಂತ ಲೈಬ್ರರಿ ನನ್ನ ಪರವಾಗಿ ಹೇಳುತ್ತೆ."

ಲೈಬ್ರರಿ ಹಾಗೇನೂ ಹೇಳಲಿಲ್ಲ. ಪಾಸ್‌ವರ್ಡ್ ತಪ್ಪು ಅಂದಿತು. ಮತ್ತೆ ಮತ್ತೆ ಹೊಡೆದೆ, ಅಕೌಂಟೇ ಲಾಕ್ ಆಯ್ತು.

ಮುನಿರಾಜಣ್ಣನಿಗೆ ಅಯ್ಯೋ ಅನ್ನಿಸಿರಬೇಕು. "ಕೆರೆ ನಮ್ದು, ಬರ್ದೋರು ನೀವು. ಬೀಗ ಮಾತ್ರ ಅವರ್ದಾ?"

"ಅಚ್ಚು ಹಾಕೋವಾಗ ಹಕ್ಕೆಲ್ಲ ಪತ್ರಿಕೆಯವರಿಗೇ ಬರ್ಕೊಟ್ಟಿದೀನಿ."

"ಓದ್ದೇ ಸಹಿ ಆಕ್ಬಿಟ್ರಾ ಸಾರ್?"

ಹೌದು ಅಂತ ತಲೆಯಾಡಿಸಿದೆ. ಅವರು ಕೈಲಿದ್ದ ಅಗ್ರಿಮೆಂಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಅದನ್ನು ಮೆಲ್ಲಗೆ ಮಡಚಿ ಜೇಬಿಗಿಟ್ಟುಕೊಂಡರು.